ಸೋಬಾನೆಯಲ್ಲಿ ಬಂದ ಹೆಸರು

ಫ್ರಿಜ್ ಆರಿಸಿದ ಮೇಲೆ ಬೀಗದ ಕೈಯನ್ನು ಅದರೊಳಗೇ ಇಡಬೇಕು. ಈ ಕೆಲಸದಲ್ಲಿ ನಾನು ಕಲಿತ ಮೊದಲ ಪಾಠ ಅದು. ಫ್ರಿಜ್ಜಿನ ಗುರ್ ಎನ್ನುವ ಸದ್ದು ಹಾಡಿನ ಜೊತೆ ರೆಕಾರ್ಡ್ ಆಗಬಾರದೆಂದು ಆರಿಸುತ್ತೇವೆ, ಹೊರಡುವಾಗ ಮತ್ತೆ ಹಾಕುವುದನ್ನು ಮರೆಯುತ್ತೇವೆ. ನಮ್ಮ ಬೀಗದ ಕೈ ಒಳಗಿದ್ದರೆ ತೆಗೆಯಲು ಹೋಗಲೇಬೇಕಲ್ಲ, ಆಗ ನೆನಪಾಗುತ್ತದೆ. ಹಾಡಿದವರ ಮನೆಯ ಹಾಲು ನಮ್ಮಿಂದ ಒಡೆಯಲಿಲ್ಲ, ಅಷ್ಟು ಮಟ್ಟಿಗೆ ನಂಜುಂಡೇಶ್ವರ ಕಾಪಾಡಿದ.

ಈ ಉಪಾಯ ಹೇಳಿಕೊಟ್ಟವಳು ಗೋಕುಲಂನ ನಮ್ಮ ಮಹಡಿ ಮನೆಯಲ್ಲಿ ಬಾಡಿಗೆಗಿದ್ದ ವಿದೇಶಿ ಹೆಣ್ಣುಮಗಳು. ನಮ್ಮ ಬೀದಿಗೆ ಬರುವ ಎಲ್ಲರಂತೆ ಅವಳೂ ಯೋಗಕ್ಕೆಂದೇ ಬಂದವಳು. ಅವಳ ಕಸುಬು ಮಾತ್ರ ಬೇರೆ. ಒಂದೊಂದು ಸೀಮೆಯ ಹಾಡು, ವಾದ್ಯ, ಕೆಲಸದ ಸದ್ದುಗಳನ್ನು ಆಯ್ದು ಒಂದೊಂದು ಆಲ್ಬಂ ಮಾಡುತ್ತಾಳೆ. ಅವಳ ದೇಶದಲ್ಲಿ ಅದನ್ನು ಹಳೆ ಗ್ರಾಮಫೋನ್ ತಟ್ಟೆಯ ಹಾಗೆ ಒತ್ತುತ್ತಾರೆ, ಫೋನಿನಲ್ಲಿ ಕೇಳುವವರಿಗೂ ಬಿಡುತ್ತಾರೆ. ಈ ಸಲದ್ದು ನಮ್ಮ ಮೈಸೂರು ಸೀಮೆಯದು. ಕಂಸಾಳೆ, ತಂಬೂರಿ ಪದ, ನಾದಸ್ವರದವರ ಹತ್ತಿರ ಕರೆದೊಯ್ಯಲು ಗಂಡಸರು ಸಿಕ್ಕಿದ್ದರು. ಹೆಂಗಸರ ಹಾಡಿಗೆ ಮಾತ್ರ, ಅಡುಗೆಮನೆಯವರೆಗೂ ಹೋಗಿ ಕೂತು ಮಾತಾಡಬಲ್ಲ ಒಬ್ಬಳು ಬೇಕಿತ್ತು. "ಆಂಟಿ, ನೀವು ಬನ್ನಿ," ಎಂದಳು. ಮನೆಗೆಲಸ ಮುಗಿಸಿ ಮಧ್ಯಾಹ್ನ ಸುಮ್ಮನೆ ಕೂರುವವಳಿಗೆ ದೇವರು ತಾನಾಗಿ ಕೊಟ್ಟ ಕೆಲಸ ಎಂದುಕೊಂಡು ಒಪ್ಪಿದೆ.

ಕೆಲಸ ನೋಡಲು ಸುಲಭ. ಅವಳ ಜೊತೆ ಹೋಗಬೇಕು, ಎರಡೂ ಕಡೆಯ ಮಾತನ್ನು ದಾಟಿಸಬೇಕು, ಆಮೇಲೆ ಹಾಡಿನ ಪದಗಳನ್ನು ಕನ್ನಡದಲ್ಲಿ ಬರೆದು, ನನ್ನ ಹೈಸ್ಕೂಲು ಇಂಗ್ಲಿಷಿನಲ್ಲಿ ಅರ್ಥ ಹೇಳಬೇಕು. ಅವಳದೊಂದು ಕಟ್ಟುನಿಟ್ಟು ಇತ್ತು. ಹಾಡು ಮುಗಿದ ಕೂಡಲೇ, ಮಿಷನ್ ಆರಿಸದೆ, ಹಾಡಿದವರ ಒಪ್ಪಿಗೆ ಕೇಳಬೇಕು. ಇದು ಬೇರೆ ದೇಶಗಳಿಗೆ ಹೋಗುತ್ತದೆ, ಗುರುತಿಲ್ಲದವರು ಕೇಳುತ್ತಾರೆ, ನಿಮಗೆ ಸಮ್ಮತವೇ ಎಂದು. ಉತ್ತರ ಅವರದೇ ದನಿಯಲ್ಲಿ ದಾಖಲಾಗಬೇಕು. ಆ ಉತ್ತರ ಹೌದೋ ಅಲ್ಲವೋ ಎಂದು ಅವಳಿಗೆ ಹೇಳಬೇಕಾದವಳು ನಾನು.

ಇನ್ನೊಂದು ಪದ್ಧತಿ ಜನಕ್ಕೆ ತಮಾಷೆ. ಹಾಡು ಶುರುವಾಗುವ ಮೊದಲು ಎಲ್ಲರೂ ಬಾಯಿ ಮುಚ್ಚಿ ಕೂತು, ಆ ಜಾಗದ ಖಾಲಿ ಸದ್ದನ್ನು ಒಂದಷ್ಟು ಹೊತ್ತು ತುಂಬಿಕೊಳ್ಳಬೇಕು. ಆಮೇಲೆ ಹಾಡಿನ ನಡುವೆ ಕೆಮ್ಮು ಬಂದರೆ ಅದನ್ನು ಕತ್ತರಿಸಿ ಈ ಖಾಲಿಯಿಂದ ತೇಪೆ ಹಾಕುತ್ತಾರಂತೆ. ಮಂಡಿ ಮೊಹಲ್ಲಾದಲ್ಲಿ ತಾಮ್ರದ ಹಂಡೆ ಬಡಿಯುವವರ ಅಂಗಡಿಗೆ ಹೋದಾಗ ಯಜಮಾನರು ನಕ್ಕರು.

"ಏನಮ್ಮಾ, ನನ್ ಬಾಯಿ ಮುಚ್ಸಿ ಅದನ್ನ ರೆಕಾರ್ಡ್ ಮಾಡ್ತಾರಾ? ನಮ್ಮನೇವ್ಳಿಗೆ ಗೊತ್ತಾದ್ರೆ ಮೊದಲ್ನೇ ಕಾಪಿ ಅವಳೇ ಕೇಳ್ತಾಳೆ ಕಣಮ್ಮ."

ಅವರ ಒಪ್ಪಿಗೆ ಬೀದಿಗೆಲ್ಲ ಕೇಳುವಂತಿತ್ತು. ಹಾಗೆ ಒಂದೊಂದಾಗಿ ಕೂಡಿದವು. ಬಾಕಿ ಉಳಿದದ್ದು ಸೋಬಾನೆ.

ದಿನಾ ಬೆಳಿಗ್ಗೆ ನಮ್ಮ ಗೇಟಿಗೆ ಹೂವು ತರುವವಳು ಹೂಟಗಳ್ಳಿಯವಳು. ಅವಳೇ ಹೇಳಿದ್ದು: "ನಮ್ ಪಕ್ಕದ್ಮನೆ ಅಜ್ಜಿ ಅದೆ ಕಣಕ್ಕ. ಅದು ಬಾಯಿ ತೆಗುದ್ರೆ ಓಲಗದವ್ರು ಊದೋದ್ ಬುಟ್ಟು ಊಟದ್ ತಟ್ಟೆ ಮುಂದಕ್ ಓಯ್ತಾರೆ."

ಅಜ್ಜಿಯ ಮನೆ ಕಾರ್ಖಾನೆಯ ಕಾಂಪೌಂಡಿಗೂ ಹೊಸ ಅಪಾರ್ಟ್‌ಮೆಂಟಿಗೂ ನಡುವೆ ಉಳಿದುಕೊಂಡ ಹಳೆ ಊರಿನ ಸಾಲಿನಲ್ಲಿದೆ. ನಾವು ಹೋದದ್ದು ಸೋಮವಾರ. ಅಜ್ಜಿಯ ಮಗಳು ಗಾರ್ಮೆಂಟ್ಸ್ ಕೆಲಸಕ್ಕೆ ಹೋಗಿದ್ದಳು. ಕಾರ್ಖಾನೆಯ ಸೈರನ್ ಕೂಗಿ ಮುಗಿಯಲಿ ಎಂದು ಕಾದೆವು, ಆಮೇಲೆ ಸೊಪ್ಪಿನವನ ಮೈಕು ತಿರುವು ದಾಟಲಿ ಎಂದು ಕಾದೆವು. ನನ್ನ ಜೀವ ಮನೆಯಲ್ಲಿತ್ತು. ಅತ್ತೆಯವರಿಗೆ ಸಕ್ಕರೆ ಕಾಯಿಲೆ, ಹೊತ್ತಿಗೆ ಸರಿಯಾಗಿ ಇಂಜೆಕ್ಷನ್ ಕೊಟ್ಟು ಊಟಕ್ಕೆ ಹಾಕಬೇಕು. ಅಷ್ಟು ದೂರದಿಂದ ಮತ್ತೆ ಆಟೋ ಸಿಗುವುದು ಕಷ್ಟವೆಂದು ಬಂದ ಆಟೋವನ್ನೇ ಬೀದಿ ತುದಿಯಲ್ಲಿ ನಿಲ್ಲಿಸಿದ್ದೆ.

ಮೈಕಿಗೆ ಹೊದಿಸಿದ ತುಪ್ಪಳವನ್ನು ಅಜ್ಜಿ ಬೆರಳಲ್ಲಿ ಸವರಿ, "ಬೆಕ್ಕಿನ್ ಮರಿ ಅಂಗೇ ಅದಲ್ಲವ್ವ," ಎಂದಿತು. ಆಮೇಲೆ ಸೆರಗು ಸರಿ ಮಾಡಿಕೊಂಡು ಕೇಳಿತು.

"ಯಾರ್ ಎಸ್ರು ಆಕಾನ?"

ಸೋಬಾನೆ ಮದುವೆ ಮನೆಯಲ್ಲಿ ಹೆಂಗಸರು ಹಸೆಯ ಮುಂದೆ ಕೂತು ಹೇಳುವ ಪದ. ಹೆಣ್ಣಿನ ಹೆಸರು, ಗಂಡಿನ ಹೆಸರು, ಅವನ ಊರು ಸೇರಿಸಿಯೇ ಹೇಳುತ್ತಾರೆ. ನನಗೆ ಅದು ಗೊತ್ತಿಲ್ಲದ್ದೇನಲ್ಲ. ನನ್ನ ಮದುವೆಯಲ್ಲೂ ಹೇಳಿದ್ದರು.

"ಯಾರ್ದಾದ್ರೂ ಹಾಕಿ ಅಜ್ಜಿ. ಸುಮ್ನೆ ಹಾಡಕ್ಕೆ ತಾನೆ?"

"ಸುಮ್ ಸುಮ್ಕೆ ಯಾರಾರ ಸೋಬಾನ ಏಳ್ತಾರಾ?" ಎಂದು ನಕ್ಕಿತು. "ಓಗ್ಲಿ, ಇಂದ್ಲಿಂದ ಸೊಲ್ಲು ಇಡಿಯೋರು ಬ್ಯಾಡ್ವಾ? ನೀನೇ ಇಡಿ."

ಹಾಗೆ ಅಜ್ಜಿ ಒಂದೊಂದು ಸಾಲು ಹೇಳಿದಂತೆ ನಾನು ಹಿಂದಿನಿಂದ ಸೊಲ್ಲು ಹಿಡಿದೆ. ಎಷ್ಟು ಹೊತ್ತಾಯಿತೋ ತಿಳಿಯಲಿಲ್ಲ. ಅಂಥ ದನಿಯನ್ನು ನಾನು ಹತ್ತಿರ ಕೂತು ಕೇಳಿರಲಿಲ್ಲ. ಒರಟು, ಆದರೆ ಎಲ್ಲೂ ಬಿರುಕಿಲ್ಲ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡಿದ್ದ ಆ ಹೆಣ್ಣುಮಗಳು ಮೂಗು ಎಳೆದರೆ ಸದ್ದಾಗುತ್ತದೆಂದು ಕಣ್ಣೀರನ್ನು ಹಾಗೇ ಹರಿಯಬಿಟ್ಟಿದ್ದಳು. ನನ್ನ ದನಿಯೂ ಇದರಲ್ಲಿದೆ, ಇದೂ ದೇಶ ದೇಶಕ್ಕೆ ಹೋಗುತ್ತದೆ ಎಂಬ ಆಸೆ ನನಗೆ ಹುಟ್ಟಿದ್ದು ಅಲ್ಲೇ. ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಹಾಡು ಮುಗಿಯುವುದಕ್ಕೂ ಆಟೋದವನು ಹಾರನ್ ಒತ್ತುವುದಕ್ಕೂ ಸರಿಹೋಯಿತು. ನಾನು ಗಡಿಬಿಡಿಯಲ್ಲಿ ಒಪ್ಪಿಗೆಯ ಮಾತು ಕೇಳಿದೆ. ಅಜ್ಜಿ ಹೇಳಿತು:

"ಆಯ್ತು ಬುಡವ್ವ."

ಆ ಹೆಣ್ಣುಮಗಳು ನನ್ನ ಮುಖ ನೋಡಿದಳು. "ಯೆಸ್," ಎಂದೆ. ಫ್ರಿಜ್ಜಿನಿಂದ ಬೀಗದ ಕೈ ತೆಗೆದುಕೊಂಡು ಓಡಿದೆವು. ಅತ್ತೆಯವರ ಹೊತ್ತು ಮೀರಲಿಲ್ಲ. ಸಂಜೆ ದೀಪ ಹಚ್ಚುವಾಗ ಸ್ವಾಮಿಗೆ ಅದಕ್ಕೂ ಕೈ ಮುಗಿದೆ.

ವೀಸಾ ಮುಗಿದು ಅವಳು ತನ್ನ ದೇಶಕ್ಕೆ ಹೋದಳು. ಅಲ್ಲಿಂದ ಹಾಡುಗಳನ್ನು ಫೋನಿಗೆ ಕಳಿಸಿದಳು, ಪದ ಬರೆದುಕೊಡುವ ಕೆಲಸ ಶುರುವಾಯಿತು. ಮಧ್ಯಾಹ್ನ ಪಾತ್ರೆ ತೊಳೆದಿಟ್ಟು, ಹೆಡ್‌ಫೋನ್ ಹಾಕಿಕೊಂಡು ಊಟದ ಮೇಜಿಗೆ ಕೂರುತ್ತಿದ್ದೆ. ಒಂದು ಸಾಲು ಕೇಳುವುದು, ನಿಲ್ಲಿಸುವುದು, ಬರೆಯುವುದು, ಅನುಮಾನ ಬಂದರೆ ಹಿಂದಕ್ಕೆ ಹೋಗುವುದು. ಹಾಡುವಾಗ ಕಿವಿಗೆ ಬೀಳದ್ದೆಲ್ಲ ಆಗ ಬೀಳುತ್ತದೆ. ಉಸಿರು ಎಲ್ಲಿ ತೆಗೆದರು, ಬಳೆ ಎಲ್ಲಿ ತಾಗಿತು, ಎಲ್ಲ.

ಸೋಬಾನೆಯನ್ನು ಕೊನೆಗೆ ಇಟ್ಟುಕೊಂಡಿದ್ದೆ. ಹಾಡು ಮುಗಿದ ಮೇಲೂ ರೆಕಾರ್ಡ್ ಓಡುತ್ತಿತ್ತು. ಹಾರನ್ ಸದ್ದು. ಅದರಡಿಯಲ್ಲಿ ಅಜ್ಜಿ ಮೆಲ್ಲಗೆ, "ಇದ ತಗುದ್ಬುಟ್ಟು ಇನ್ನೊಂದ್ ಕಿತ ಏಳ್ಲಾ ಅಂತ..." ಎನ್ನುತ್ತಿದೆ. ಆ ಮಾತಿನ ಮೇಲೇ ನನ್ನ ದನಿ, ಗಟ್ಟಿಯಾಗಿ: "ಚೆನ್ನಾಗಿ ಬಂತು ಅಜ್ಜಿ! ಇದು ಫಾರಿನ್‌ಗೆಲ್ಲ ಹೋಗುತ್ತೆ, ಯಾರ್ಯಾರೋ ಕೇಳ್ತಾರೆ, ಒಪ್ಗೆ ತಾನೆ? ಹೂಂ ಅನ್ನಿ." ಒಂದು ಗಳಿಗೆ ಏನೂ ಇಲ್ಲ. ಆಮೇಲೆ, "ಆಯ್ತು ಬುಡವ್ವ."

ಮತ್ತೆ ಮತ್ತೆ ಕೇಳಿದೆ. ನಮ್ಮ ಕಡೆ 'ಬುಡು' ಎನ್ನುವುದು ಒಪ್ಪಿಗೆಗೂ ಬರುತ್ತದೆ, ಇನ್ನು ಇವಳ ಹತ್ತಿರ ಮಾತಾಡಿ ಉಪಯೋಗವಿಲ್ಲ ಎಂದು ಕೈಚೆಲ್ಲುವುದಕ್ಕೂ ಬರುತ್ತದೆ. ಹುಟ್ಟಿದಾಗಿನಿಂದ ಈ ಮಾತು ಕೇಳುತ್ತಿರುವವಳಿಗೆ ಇದು ಯಾವುದು ಎಂದು ತಿಳಿಯದೆ ಹೋಗುತ್ತದೆಯೇ? ಅವತ್ತೂ ತಿಳಿದಿತ್ತು. ನಾನು ತಿಳಿದುಕೊಳ್ಳಲಿಲ್ಲ, ಅಷ್ಟೆ.

ಯಾಕೆ ತೆಗೆಯಬೇಕು ಎಂದಿತು ಅಜ್ಜಿ? ಮರುದಿನ ಹೂವಿನವಳು ಬಂದಾಗ, ಹಾಡಿನಲ್ಲಿ ಬರುವ ಗಂಡಿನ ಊರಿನ ಹೆಸರು ಸರಿಯಾಗಿ ಬರೆದಿದ್ದೇನೆಯೇ ಎಂದು ಕೇಳುವ ನೆಪದಲ್ಲಿ ಆ ಸಾಲು ಕೇಳಿಸಿದೆ. ಮೊಳ ಹಾಕುತ್ತಿದ್ದವಳ ಕೈ ನಿಂತಿತು.

"ಅಯ್ಯೋ ಅಕ್ಕ! ಅದು ಅಜ್ಜಿ ಮಗಳ ಎಸ್ರು. ಅವನು ಅವಳ ಮೊದಲ್ನೇ ಗಂಡ. ಇನ್ನೊಬ್ಬಳ್ನ ತಂದು ಮನೆಲಿ ಮಡಿಕಂಡು ಇವಳ್ನ ಓಡಿಸ್ಬುಟ್ಟ. ಕಾಗದಪತ್ರ ಎಲ್ಲ ಆಗೋಗದೆ. ಈಗ ಬೇರೆ ಕಡೆ ಮಾತು ನಡೀತಾ ಅದೆ, ಒಳ್ಳೆ ಜನ. ಈ ಪದ ಅವ್ರ ಫೋನ್‌ಗೆ ಬಂದ್ರೆ ಎಂಗಕ್ಕ?"

ಯಾರದ್ದಾದರೂ ಹಾಕಿ ಎಂದವಳು ನಾನು. ಅವಳ ಹೆಸರು, ಅವನ ಹೆಸರು, ಆ ಊರು ಯಾವುದನ್ನೂ ಇಲ್ಲಿ ಬರೆಯುವುದಿಲ್ಲ.

ಭಾನುವಾರ ಅಜ್ಜಿಯ ಮಗಳಿಗೆ ರಜ ಎಂದು ತಿಳಿದುಕೊಂಡು ಹೋದೆ. ಹಾಡನ್ನು ಇಬ್ಬರಿಗೂ ಕೇಳಿಸಿದೆ. ಅಜ್ಜಿ ಫೋನನ್ನು ಎರಡೂ ಕೈಯಲ್ಲಿ ಹಿಡಿದು, "ಇದು ನಾನೇಯಾ?" ಎಂದು ಮಗುವಿನ ಹಾಗೆ ನಕ್ಕಿತು. ಹೆಸರು ಬಂದ ಸಾಲಿಗೆ ಮಗಳು ಎದ್ದು ಒಳಗೆ ಹೋದಳು.

"ಅವತ್ತು ಇನ್ನೊಂದ್ ಕಿತ ಹೇಳ್ತೀನಿ ಅಂದ್ರಲ್ಲ ಅಜ್ಜಿ, ಯಾಕೆ?" ಎಂದೆ.

"ನಾನು ಎತ್ತು ಧಾರೆ ಎರೆದದ್ದು ಇವಳೊಬ್ಬಳ್ನೇಯ. ಸೋಬಾನ ಅಂದ್ರೆ ಬಾಯಿಗೆ ಅದೇ ಎಸ್ರು ಬಂದ್ಬುಡ್ತದೆ. ಬ್ಯಾರೆ ಆಕಾನ ಅಂತಿದ್ದೆ. ನೀನು ಆಟೋ ಆಟೋ ಅಂತಿದ್ದಲ್ಲ, ಓಗ್ಲಿ ಅಂತ ಸುಮ್ಕಾದೆ."

ಮಗಳು ಕಾಫಿ ತಂದು ಕೊಟ್ಟಳು. "ಇರ್ಲಿ ಬುಡಿ ಅಕ್ಕ. ಅವ್ವ ಸಂತೋಸ ಪಡ್ತಾ ಅದೆ," ಎಂದಳು.

ಮತ್ತೆ ಅದೇ ಮಾತು. ಕಾಫಿ ಕುಡಿದು ಹೊರಟವಳು ಗೇಟಿನ ಹತ್ತಿರ ಅವಳನ್ನು ನಿಲ್ಲಿಸಿ ಕೇಳಿದೆ: "ಇರ್ಲಿ ಅಂತೀಯೋ, ಬಿಡಿ ಅಂತೀಯೋ? ಸರಿಯಾಗಿ ಹೇಳಮ್ಮ."

"ನೀವು ಕೇಳ್ತಾ ಇದೀರಾ, ಏಳಿಸ್ತಾ ಇದೀರಾ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

"ಕೇಳ್ತಾ ಇದೀನಿ."

"ಅಂಗಾರೆ ಬ್ಯಾಡ ಅಕ್ಕ. ನನ್ ಎಸ್ರು ಅವನ ಎಸ್ರು ಒಟ್ಟಿಗೆ ಎಲ್ಲೂ ಬ್ಯಾಡ. ನಾನು ಬ್ಯಾಡ ಅಂದೆ ಅಂತ ಅವ್ವಂಗೆ ಏಳ್ಬೇಡಿ. ನೊಂದ್ಕತದೆ."

ವಿದೇಶಿ ಹೆಣ್ಣುಮಗಳಿಗೆ, ಹೆಸರುಗಳನ್ನು ತೆಗೆಯಬೇಕೆಂದಷ್ಟೇ ಹೇಳಿದೆ. ನನ್ನ ತಪ್ಪು ಹೇಳಲಿಲ್ಲ. ಅವಳು ಹೆಸರಿದ್ದ ಜಾಗ ಕತ್ತರಿಸಿ, ಆ ಮನೆಯ ಖಾಲಿ ಸದ್ದಿನಿಂದ ತೇಪೆ ಹಾಕಿ ಕಳಿಸಿದಳು. ಕೇಳಿದರೆ ಅಜ್ಜಿ ಸಾಲಿನ ನಡುವೆ ಉಸಿರು ಕಟ್ಟಿ ಬಿದ್ದು ಎದ್ದ ಹಾಗಿತ್ತು. ಹೆಸರು ಬರುವ ಸಾಲುಗಳನ್ನೇ ತೆಗೆದುಹಾಕಿದರೆ ಉಳಿಯುವುದು ಮದುಮಗಳಿಲ್ಲದ ಮದುವೆ. ಕೊನೆಗೆ, ನಿಮ್ಮ ಫೋನಿನಲ್ಲೇ ಮತ್ತೆ ಹಾಡಿಸಿ ನೋಡಿ ಎಂದಳು.

ಅಜ್ಜಿಗೆ, ಬೇರೆ ಹೆಸರು ಬೇಕಂತೆ ಎಂದು ಹೇಳಿ, ನನ್ನ ಹೆಸರು, ನಮ್ಮೆಜಮಾನರ ಹೆಸರು ಕೊಟ್ಟೆ. ಫ್ರಿಜ್ ಆರಿಸಿದೆ, ಕಿಟಕಿಗೆ ಕಂಬಳಿ ಕಟ್ಟಿದೆ, ಫೋನನ್ನು ಅಕ್ಕಿ ಡಬ್ಬದ ಮೇಲೆ ನಿಲ್ಲಿಸಿದೆ. ಅಜ್ಜಿ ಶುರು ಮಾಡಿತು. ಹೆಸರಿನ ಜಾಗಕ್ಕೆ ಬಂದಾಗ ಮಗಳ ಹೆಸರೇ ಬಂತು. ನಾಲಿಗೆ ಕಚ್ಚಿಕೊಂಡು ಮತ್ತೆ ಹೇಳಿತು. ಮತ್ತೆ ಅದೇ. "ಥೂ, ಇದರ ಬಾಯಿಗ್ ಬೆಂಕಿ ಆಕ," ಎಂದು ತನ್ನ ಬಾಯನ್ನೇ ಬೈದುಕೊಂಡಿತು. ಕೊನೆಗೊಮ್ಮೆ ನನ್ನ ಹೆಸರು ಬಂತು. ಅಷ್ಟು ಹೊತ್ತಿಗೆ ಪದದಲ್ಲಿ ಹೆಸರಲ್ಲದೆ ಬೇರೇನೂ ಉಳಿದಿರಲಿಲ್ಲ. ಹೊಸ್ತಿಲು ಬಂತೇನೋ ಎಂದು ಕತ್ತಲೆಯಲ್ಲಿ ಕಾಲು ಎತ್ತಿಡುವವರ ಹಾಗೆ ಅಜ್ಜಿ ಒಂದೊಂದು ಸಾಲನ್ನೂ ಹೆದರಿ ಹೆದರಿ ಇಡುತ್ತಿತ್ತು.

ಕಳಿಸಿದೆ. ಉತ್ತರ ಬಂತು. ಫೋನಿನ ರೆಕಾರ್ಡಿಂಗ್ ಸಾಲದು ಎಂಬುದು ಒಂದು; ಈ ದನಿ ಅವರದಲ್ಲ, ಇವರು ಹೆದರಿದ್ದಾರೆ ಎಂಬುದು ಇನ್ನೊಂದು. ಹಾಗಾಗಿ ಮೊದಲಿನದೇ ಇರಲಿ. ತಟ್ಟೆಯ ಎರಡನೇ ಮಗ್ಗುಲು ಅದರಿಂದಲೇ ಶುರುವಾಗುತ್ತದೆ, ಆಲ್ಬಮ್ಮಿನ ಜೀವ ಅದು. ಇಲ್ಲಿ ಹೆಸರು ಯಾರಿಗೂ ಅರ್ಥವಾಗುವುದಿಲ್ಲ. ಹೇಗೂ ಅವರು ಒಪ್ಪಿದ ಮಾತು ರೆಕಾರ್ಡಿನಲ್ಲಿದೆಯಲ್ಲ, ನೀವೇ ಯೆಸ್ ಎಂದಿರಿ.

ನಾನು ಸುಮ್ಮನಿದ್ದಿದ್ದರೆ ಆಗಿಹೋಗುತ್ತಿತ್ತು. ಯಾರೂ ನನ್ನನ್ನು ಕೇಳುತ್ತಿರಲಿಲ್ಲ. ಮಾರನೆ ದಿನ ಸ್ನಾನ ಮಾಡಿ ಪೂಜೆಗೆ ಕೂತೆ. ವಿಭೂತಿ ಹಚ್ಚಿಕೊಳ್ಳಲು ಕೈ ಎತ್ತಿದರೆ, ಒಳಗಿಂದ ನನ್ನದೇ ದನಿ ಕೇಳುತ್ತಿತ್ತು, "ಹೂಂ ಅನ್ನಿ, ಹೂಂ ಅನ್ನಿ" ಎಂದು. ಲಿಂಗದ ಮುಂದೆ ಅದನ್ನು ಆರಿಸುವ ಸ್ವಿಚ್ಚು ಇಲ್ಲ. ಎದ್ದು ಬಂದು, ಒಲೆಯ ಮೇಲೆ ಹಾಲಿಟ್ಟು, ಬರುವಷ್ಟು ಇಂಗ್ಲಿಷಿನಲ್ಲಿ ಅವಳಿಗೆ ಫೋನಿನಲ್ಲೇ ಮಾತು ತುಂಬಿ ಕಳಿಸಿದೆ. ಯೆಸ್ ಎಂದದ್ದು ಅಜ್ಜಿ ಅಲ್ಲ, ನಾನು. ಅವರು ಬೇರೆ ಹೇಳುತ್ತಿದ್ದರು, ನಾನು ಬಾಯಿ ಮುಚ್ಚಿಸಿದೆ. ಆ ಹಾಡು ಹಾಕಬೇಡಿ. ನಿಮ್ಮ ಕೆಲಸ ಕೆಡಿಸಿದೆ.

ಅವಳು ಎರಡು ದಿನ ಮಾತಾಡಲಿಲ್ಲ. ಆಮೇಲೆ, ತೆಗೆದಿದ್ದೇನೆ ಎಂದು ಒಂದೇ ಸಾಲು ಬರೆದಳು. ಬೈಯಲಿಲ್ಲ, ಅದೊಂದು ಕರುಣೆ. ಆಂಟಿ ಎಂದು ಕರೆಯುವುದನ್ನು ಬಿಟ್ಟಿದ್ದಳು. ನನ್ನ ಫೋನಿನಲ್ಲಿದ್ದ ಹಾಡನ್ನೂ ಅಳಿಸಿದೆ, ಅಜ್ಜಿಯ ಮಗಳಿಗೆ ಹಾಗೆ ಮಾತು ಕೊಟ್ಟಿದ್ದೆ. ನಮ್ಮೆಜಮಾನರು ಮಾತ್ರ, "ನಿನ್ ದನಿ ಬರತ್ತೆ ಅಂತ ನಮ್ಮಣ್ಣನ ಮನೇವ್ರಿಗೆಲ್ಲ ಹೇಳ್ಬಿಟ್ಟಿದೀನಲ್ಲೇ ಮಾರಾಯ್ತಿ! ಈಗ ಏನ್ ಹೇಳ್ಲಿ?" ಎಂದು ಗೋಳಾಡಿದರು. ಪದ ಬರೆದುಕೊಟ್ಟವರ ಸಾಲಿನಲ್ಲಿ ನನ್ನ ಹೆಸರು ಬೇಡವೆಂದು ತಿಳಿಸಿದ್ದೆ. ಅದನ್ನು ಅವರಿಗೆ ಹೇಳಲಿಲ್ಲ.

ಆಲ್ಬಂ ಹೊರಬಂತು. ಫೋನಿನಲ್ಲಿ ಕೇಳುವ ಲಿಂಕನ್ನು ಅವಳು ಕಳಿಸಿದಳು. ಮಂಡಿ ಮೊಹಲ್ಲಾದ ಹಂಡೆ ಬಡಿಯುವ ಸದ್ದು ಅಷ್ಟು ದೂರ ಹೋಗಿ ಬಂದು ನಮ್ಮ ಅಡುಗೆಮನೆಯಲ್ಲಿ ಕೇಳಿತು. ಎರಡನೇ ಮಗ್ಗುಲು ನಾದಸ್ವರದಿಂದ ಶುರುವಾಗುತ್ತಿತ್ತು. ಹೊಸಬರಿಗೆ ಯಾವ ಕೊರತೆಯೂ ಕಾಣದು.

ಅಜ್ಜಿಯ ಹಾಡು ಅದರಲ್ಲಿಲ್ಲವೆಂದು ಹೂವಿನವಳಿಗಷ್ಟೇ ಹೇಳಿದ್ದೆ, ಅಜ್ಜಿಗೆ ಹೇಳದೆ ಇರಬಹುದಿತ್ತು. ಆದರೆ ಹೂವಿನವಳು ಒಂದು ಬೆಳಿಗ್ಗೆ ಹೇಳಿದಳು: "ಮೊನ್ನೆ ನಮ್ ಬೀದಿಲಿ ಮದ್ವೆ ಇತ್ತು ಅಕ್ಕ. ಅಜ್ಜಿ ಸೋಬಾನಕ್ಕೆ ಕೂರ್ನೇ ಇಲ್ಲ. ಫಾರಿನ್‌ನೋರು ಬ್ಯಾಡ ಅಂದವ್ರೆ, ನನ್ ಗಂಟ್ಲು ಓಗದೆ ಅಂದ್ಬುಡ್ತು."

ಅವತ್ತೇ ಹೋದೆ, ಅತ್ತೆಯವರ ಊಟಕ್ಕೆ ನಾದಿನಿಯನ್ನು ಬರಹೇಳಿ. ಮಗಳು ಕೆಲಸಕ್ಕೆ ಹೋಗಿದ್ದಳು. ಅವಳ ಮದುವೆ ಮಾತು ಕುದುರಿದೆ, ಮುಂದಿನ ತಿಂಗಳು ದೇವಸ್ಥಾನದಲ್ಲಿ ಚಿಕ್ಕದಾಗಿ ಮಾಡುತ್ತಾರೆ ಎಂದು ಅಜ್ಜಿ ಹೇಳಿತು. ಸ್ವಾಮಿ ದೊಡ್ಡವನು ಎಂದುಕೊಂಡೆ. ಆಮೇಲೆ ಅಜ್ಜಿ ತಾನೇ ಕೇಳಿತು.

"ನಂದು ಬರ್ನಿಲ್ವಂತೆ?"

"ಇಲ್ಲ ಅಜ್ಜಿ."

"ಆ ಮೊದಲ್ನೇದಾರ ಅದಾ ನಿನ್ ಫೋನ್‌ನಾಗೆ? ಕೇಳ್ಸು ನೋಡಾನ."

"ಅದೂ ಇಲ್ಲ ಅಜ್ಜಿ."

ಅಜ್ಜಿ ಕಾಲು ಚಾಚಿ ಗೋಡೆಗೆ ಒರಗಿತು. ಆಮೇಲೆ, ಯಾರೂ ಕೇಳದೆ, ಸೆರಗನ್ನೂ ಸರಿ ಮಾಡಿಕೊಳ್ಳದೆ ಹಾಡತೊಡಗಿತು. ಫ್ರಿಜ್ಜು ಗುರ್ ಎನ್ನುತ್ತಿತ್ತು. ಹೊರಗೆ ಯಾರೋ ಸ್ಕೂಟರ್ ಒದೆಯುತ್ತಿದ್ದರು. ದನಿ ಎಲ್ಲೂ ಹೋಗಿರಲಿಲ್ಲ. ಹೆಸರಿನ ಜಾಗ ಬಂದಾಗ ಮಗಳ ಹೆಸರು ತಡೆಯದೆ, ತುಂಬಿಕೊಂಡು ಬಂತು. ಅದರ ಜೊತೆಗೆ ಅವನ ಹೆಸರು, ಆ ಊರು. ಕೊನೆಯ ಸಾಲಿನವರೆಗೂ ಹೇಳಿ, ಬಾಯಿ ಒರೆಸಿಕೊಂಡು, ನನ್ನನ್ನು ನೇರವಾಗಿ ನೋಡಿತು.

"ಈಗ ಏಳು. ತಪ್ಪು ಮಿಸನ್ದಾ, ನಂದಾ?"

ನಿಜ ಹೇಳಬೇಕೆಂದರೆ ಮಗಳ ಮಾತು ತೆಗೆಯಬೇಕು. ಅದಕ್ಕೆ ನನಗೆ ಅಪ್ಪಣೆ ಇಲ್ಲ. ನನ್ನ ಪಾಲಿನದನ್ನು ಹೇಳಲು ಅಪ್ಪಣೆ ಬೇಕಿರಲಿಲ್ಲ, ಆದರೂ ಬಾಯಿ ಬರಲಿಲ್ಲ.

"ಮಿಷನ್ದೇ ಅಜ್ಜಿ," ಎಂದೆ.

"ಅಂಗೇಳು ಮತ್ತೆ," ಎಂದು ಅಜ್ಜಿ ನಕ್ಕು, ನನಗೆ ಕಾಫಿ ಕಾಯಿಸಲು ಎದ್ದಿತು.